ಎಚ್ಚರವಿದೆ, ಮೈ ಮಾತ್ರ ಏಳುವುದಿಲ್ಲ

ಪ್ರಶ್ನೆ: ನನಗೆ 27 ವರ್ಷ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಹಳ್ಳಿಯವನು. ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ, ವಾರಕ್ಕೊಂದು ಪಾಳಿ. ರಾತ್ರಿ ಪಾಳಿಯ ವಾರದಲ್ಲಿ ಬೆಳಿಗ್ಗೆ ಎಂಟಕ್ಕೆ ಮಲಗಿ ಹನ್ನೊಂದಕ್ಕೆ ಏಳುತ್ತೇನೆ, ಸಂಜೆ ಇನ್ನೊಂದು ಗಂಟೆ ಮಲಗುತ್ತೇನೆ. ಕಳೆದ ವರ್ಷದಿಂದ ಎಚ್ಚರವಾದಾಗ ಕೈಕಾಲು ಅಲುಗಾಡಿಸಲು ಆಗುವುದಿಲ್ಲ, ಕೂಗಿದರೆ ಧ್ವನಿ ಹೊರಡುವುದಿಲ್ಲ. ಬಾಗಿಲ ಬಳಿ ಕಪ್ಪಗೆ ಯಾರೋ ನಿಂತಿರುತ್ತಾರೆ, ಆಮೇಲೆ ಎದೆಯ ಮೇಲೆ ಭಾರ. ಒಮ್ಮೊಮ್ಮೆ ನಮ್ಮ ಅಜ್ಜಿ ತೆಲುಗಿನಲ್ಲಿ ಹೆಸರು ಹಿಡಿದು ಕರೆಯುವುದು ಕೇಳಿಸುತ್ತದೆ. ಅಜ್ಜಿ ತೀರಿಹೋಗಿ ಐದು ವರ್ಷವಾಯಿತು, ಮನೆಗೆ ಆರ್‌ಸಿಸಿ ಹಾಕಿಸಿದ ವರ್ಷವೇ. ನಾಲ್ಕು ತಿಂಗಳಿನಿಂದ ಇನ್ನೊಂದು ಶುರುವಾಗಿದೆ. ಕಿವಿಯಲ್ಲಿ ಗುಂಯ್‌ ಎಂಬ ಸದ್ದು ಬಂದು, ಮೈಯೆಲ್ಲ ಅದುರಿ, ನಾನು ದೇಹ ಬಿಟ್ಟು ಮೇಲೆದ್ದು ಹಂಚು, ತೊಲೆಗಳ ಹತ್ತಿರ ತೇಲುತ್ತೇನೆ. ಕೆಳಗೆ ಕುತ್ತಿಗೆಯವರೆಗೆ ಹೊದ್ದು ಮಲಗಿರುವ ನನ್ನನ್ನೇ ನೋಡುತ್ತೇನೆ. ವಾರಕ್ಕೆ ಎರಡು ಮೂರು ಸಲ ಹೀಗಾಗುತ್ತದೆ. ಗಾಳಿ ಸೋಕಿದೆ ಎಂದು ಅಮ್ಮ ತಾಯತ ಕಟ್ಟಿಸಿದ್ದಾರೆ. ಯೂಟ್ಯೂಬ್‌ನಲ್ಲಿ ಒಬ್ಬರು ಇದು ಸಿದ್ಧಿ, ಬಿಡಬೇಡಿ ಎನ್ನುತ್ತಾರೆ. ನನಗೆ ಸಿದ್ಧಿ ಬೇಡ, ನಿದ್ದೆ ಬೇಕು. ಒಂದು ದಿನ ವಾಪಸ್ ಬರಲಾಗದಿದ್ದರೆ? ಹುಚ್ಚು ಹಿಡಿಯುತ್ತಿದೆಯೇ? ಬರುವ ಮಾಘದಲ್ಲಿ ಮದುವೆ ಇದೆ. ಹುಡುಗಿಗೆ ಹೇಳಬೇಕೇ?

ಉತ್ತರ: ಗಾಳಿಯಲ್ಲ, ಹುಚ್ಚಲ್ಲ, ಲಕ್ವವೂ ಅಲ್ಲ. ನೀವು ಬರೆದಿರುವುದು ಸ್ಲೀಪ್ ಪ್ಯಾರಾಲಿಸಿಸ್‌ಗೆ, ಅಂದರೆ ಎಚ್ಚರವಾದರೂ ಮೈ ಸ್ವಲ್ಪ ಹೊತ್ತು ಅಲುಗಾಡದಿರುವ ಸ್ಥಿತಿಗೆ, ಸರಿಯಾಗಿ ಹೊಂದುತ್ತದೆ. ಮೇಲೆ ತೇಲುವುದೂ ಅದರದೇ ಒಂದು ಬಗೆ, ಬೇರೆ ಕಾಯಿಲೆಯಲ್ಲ. ವಾಪಸ್ ಬರಲಾಗದೆ ಉಳಿದುಹೋಗುವ ಪ್ರಶ್ನೆಯೇ ಇಲ್ಲ, ಏಕೆಂದರೆ ನೀವು ಎಲ್ಲಿಗೂ ಹೋಗಿರುವುದಿಲ್ಲ. ಹಾಗೆಂದು ‘ಏನೂ ಆಗುವುದಿಲ್ಲ, ಧೈರ್ಯವಾಗಿರಿ’ ಎಂದು ಬೆನ್ನು ತಟ್ಟಿ ಕಳುಹಿಸಲು ನನಗೆ ಮನಸ್ಸಿಲ್ಲ. ವಾರಕ್ಕೆ ಎರಡು ಮೂರು ಸಲ ಬಂದು, ಹಾಸಿಗೆ ಕಂಡರೆ ಭಯವಾಗುವಂತಿದ್ದರೆ ಅದಕ್ಕೆ ಚಿಕಿತ್ಸೆ ಬೇಕು.

ನಿಮ್ಮ ಪತ್ರದಲ್ಲಿ ನೆರಳು, ಭಾರ, ತೇಲುವಿಕೆಗೆ ಅಷ್ಟೊಂದು ಸಾಲುಗಳಿವೆ, ಪಾಳಿಗೆ ಎರಡೇ ಸಾಲು. ನನ್ನ ಪ್ರಕಾರ ತೊಂದರೆಯ ಬೇರು ಇರುವುದು ಆ ಎರಡು ಸಾಲುಗಳಲ್ಲಿ. ಬೆಳಿಗ್ಗೆ ಮೂರು ಗಂಟೆ, ಸಂಜೆ ಒಂದು ಗಂಟೆ: ದಿನಕ್ಕೆ ನಾಲ್ಕು ಗಂಟೆ ನಿದ್ದೆಯಲ್ಲಿ ನೀವು ಯಂತ್ರದ ಮುಂದೆ ನಿಲ್ಲುತ್ತಿದ್ದೀರಿ. ಆ ಲೆಕ್ಕ ಸರಿಹೋಗದೆ ಬೇರೆ ಯಾವ ಉಪಾಯವೂ ಹೆಚ್ಚು ದಿನ ನಿಲ್ಲುವುದಿಲ್ಲ.

ಆಗುತ್ತಿರುವುದೇನು ಎಂಬುದು ತಿಳಿದರೆ ಅರ್ಧ ಭಯ ಇಳಿಯುತ್ತದೆ, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿದ್ದೆಯಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ ಒಂದು ಹಂತ ಬರುತ್ತದೆ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುತ್ತವೆ, ಕನಸುಗಳು ದಟ್ಟವಾಗುತ್ತವೆ. ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಇದನ್ನು ವರದಿ ಮಾಡಿದರು. ರೆಮ್ ನಿದ್ರೆ ಎನ್ನುವುದು ಇದನ್ನೇ. ಈ ಹಂತದಲ್ಲಿ ಮಿದುಳಿನ ಕಾಂಡದಿಂದ ಬೆನ್ನುಹುರಿಗೆ ಆಜ್ಞೆ ಹೋಗಿ ಕೈಕಾಲುಗಳ ಸ್ನಾಯುಗಳೆಲ್ಲ ಸಡಿಲವಾಗುತ್ತವೆ. ಕನಸಿನಲ್ಲಿ ಓಡುವವನು ನಿಜವಾಗಿ ಎದ್ದು ಓಡಿ ಗೋಡೆಗೆ ಬಡಿಯಬಾರದಲ್ಲ! ಫ್ರಾನ್ಸಿನ ವಿಜ್ಞಾನಿ ಮಿಷೆಲ್ ಜೂವೆ ಬೆಕ್ಕುಗಳ ಮಿದುಳಿನಲ್ಲಿ ಈ ಆಜ್ಞೆ ಹೊರಡುವ ಜಾಗವನ್ನು ಕೆಡಿಸಿದಾಗ ಅವು ನಿದ್ದೆಯಲ್ಲೇ ಎದ್ದು, ಇಲ್ಲದ ಇಲಿಯ ಮೇಲೆ ಎರಗಿದವು.

ನಿಮಗೆ ಆಗುತ್ತಿರುವುದು ಇದರ ತಿರುಗುಮುರುಗು. ಪ್ರಜ್ಞೆ ಎಚ್ಚೆತ್ತಿದೆ, ಸ್ನಾಯುಗಳ ಮೇಲಿನ ತಡೆ ಇನ್ನೂ ತೆರವಾಗಿಲ್ಲ. ನಿಮ್ಮ ಹಳ್ಳಿಯಲ್ಲಿ ಸಿಂಗಲ್ ಫೇಸ್ ಬಂದು ಮನೆಯ ದೀಪ ಉರಿದರೂ ತ್ರೀ ಫೇಸ್ ಬರುವವರೆಗೆ ಬೋರ್‌ವೆಲ್ ಮೋಟಾರು ತಿರುಗುವುದಿಲ್ಲ. ಹಾಗೆಂದು ಯಾರೂ ಮೋಟಾರು ಸುಟ್ಟಿತೆಂದು ಅಳುವುದಿಲ್ಲ, ಕಾಯುತ್ತಾರೆ. ಇಲ್ಲಿ ಕಾಯಬೇಕಾದದ್ದು ಕೆಲವು ಸೆಕೆಂಡುಗಳಿಂದ ಕೆಲವೇ ನಿಮಿಷ.

ಉಸಿರು ಕಟ್ಟುತ್ತದೆ ಎಂಬ ಭಯಕ್ಕೂ ಕಾರಣವಿದೆ. ಈ ತಡೆ ವಪೆಗೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಮುಖ್ಯ ಉಸಿರಾಟದ ಸ್ನಾಯುವಿಗೆ ಅನ್ವಯಿಸುವುದಿಲ್ಲ, ಅದು ತನ್ನ ಪಾಡಿಗೆ ದುಡಿಯುತ್ತಿರುತ್ತದೆ. ಪಕ್ಕೆಲುಬುಗಳ ಸ್ನಾಯುಗಳು ಮಾತ್ರ ಸಡಿಲವಾಗಿರುತ್ತವೆ. ಗಾಬರಿಯಲ್ಲಿ ನೀವು ದೀರ್ಘ ಉಸಿರೆಳೆಯಲು ಹೋಗುತ್ತೀರಿ, ಎದೆ ಹಿಗ್ಗುವುದಿಲ್ಲ, ಯಾರೋ ಕೂತಿದ್ದಾರೆ ಅನ್ನಿಸುತ್ತದೆ. ಗಾಳಿ ಒಳಗೆ ಹೋಗುತ್ತಲೇ ಇರುತ್ತದೆ.

ಇನ್ನು ಬಾಗಿಲ ಬಳಿಯ ಆಕೃತಿ. ರೆಮ್ ಹಂತದಲ್ಲಿ ಮಿದುಳಿನ ಭಯದ ಕೇಂದ್ರವಾದ ಅಮಿಗ್ಡಲ ತುಂಬ ಚುರುಕಾಗಿರುತ್ತದೆ. ಎಚ್ಚರವಾದ ಮನಸ್ಸಿಗೆ ಅಪಾಯವಿದೆ ಎಂಬ ಸಂದೇಶ ಬರುತ್ತದೆ, ಅಪಾಯ ಯಾವುದೆಂದು ಕಾಣುವುದಿಲ್ಲ. ಆಗ ಕತ್ತಲಿನಲ್ಲಿ ಒಂದು ಆಕಾರವನ್ನು ಅದೇ ಕಟ್ಟಿಕೊಡುತ್ತದೆ. ಕಟ್ಟುವುದು ಮನೆಯಲ್ಲಿರುವ ಸಾಮಗ್ರಿಯಿಂದಲೇ. ಅದಕ್ಕೇ ನಿಮಗೆ ಅಜ್ಜಿ ಕೇಳಿಸುವುದು, ಅದೂ ತೆಲುಗಿನಲ್ಲಿ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಇದೇ ಅನುಭವದಲ್ಲಿ ಒಬ್ಬ ಮುದುಕಿ ಎದೆಯೇರುತ್ತಾಳೆ, ಈಜಿಪ್ಟಿನಲ್ಲಿ ಜಿನ್ ಬರುತ್ತದೆ, ಜಪಾನಿನಲ್ಲಿ ಕಾಣದ ಕೈ ಕಟ್ಟಿಹಾಕುತ್ತದೆ. ನಮ್ಮ ಕಡೆ ಮೋಹಿನಿ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಮಲಗುತ್ತಿದ್ದ ಕಾಲವೂ ನಮ್ಮಲ್ಲಿತ್ತು. ಆ ಬರಹ ಓದಿ ಹಿಂತಿರುಗುವ ದೆವ್ವವಾಗಿದ್ದರೆ ನನ್ನ ಕೆಲಸ ಎಷ್ಟೋ ಹಗುರಾಗುತ್ತಿತ್ತು.

ನಿಮ್ಮೊಬ್ಬರಿಗೇ ಬಂದದ್ದೂ ಅಲ್ಲ. ಹಲವು ದೇಶಗಳ 35 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸಾಮಾನ್ಯ ಜನರಲ್ಲಿ ಶೇ 7.6 ಮಂದಿ, ವಿದ್ಯಾರ್ಥಿಗಳಲ್ಲಿ ಶೇ 28.3 ಮಂದಿ ಜೀವನದಲ್ಲಿ ಒಮ್ಮೆಯಾದರೂ ಇದನ್ನು ಕಂಡವರು. ನಿದ್ದೆಗೆಡುವ ಗುಂಪುಗಳಲ್ಲಿ ಹೆಚ್ಚು ಎಂಬುದನ್ನು ಗಮನಿಸಿ.

ದೇಹದಿಂದ ಹೊರಗೆ ಹೋದ ಅನುಭವಕ್ಕೆ ಬರೋಣ, ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಅದೇ. ‘ನಾನು ಇಲ್ಲಿದ್ದೇನೆ, ಈ ಮೈಯೊಳಗಿದ್ದೇನೆ’ ಎಂಬ ಅರಿವು ತಾನಾಗಿ ಇರುವಂಥದ್ದಲ್ಲ. ಕಣ್ಣು, ಚರ್ಮ, ಕೀಲುಗಳು, ಕಿವಿಯೊಳಗಿನ ಸಮತೋಲನದ ಅಂಗ ಕಳಿಸುವ ಸುದ್ದಿಗಳನ್ನು ಜೋಡಿಸಿ ಮಿದುಳು ಕ್ಷಣಕ್ಷಣಕ್ಕೂ ಅದನ್ನು ತಯಾರಿಸುತ್ತಿರುತ್ತದೆ. ಜೋಡಿಸುವ ಮುಖ್ಯ ಸ್ಥಳ ಕಿವಿಯ ಮೇಲ್ಭಾಗಕ್ಕೆ ಸರಿಯಾಗಿ ಮಿದುಳಿನ ಎರಡು ಹಾಲೆಗಳು ಸೇರುವಲ್ಲಿದೆ. 2002ರಲ್ಲಿ ಸ್ವಿಟ್ಜರ್ಲೆಂಡಿನ ಒಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಮೂರ್ಛೆರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆಯೊಬ್ಬರ ಮಿದುಳಿನ ಬಲಭಾಗದಲ್ಲಿ ಆ ಜಾಗಕ್ಕೆ ಅಲ್ಪ ವಿದ್ಯುತ್ ಹರಿಸಿದಾಗ, ತಾನು ಮೇಲೆ ತೇಲುತ್ತ ಹಾಸಿಗೆಯ ಮೇಲಿರುವ ತನ್ನ ಕಾಲುಗಳನ್ನು ನೋಡುತ್ತಿದ್ದೇನೆ ಎಂದು ಆಕೆ ಹೇಳಿದರು. ವಿದ್ಯುತ್ ನಿಲ್ಲಿಸಿದರೆ ತೇಲುವುದೂ ನಿಲ್ಲುತ್ತಿತ್ತು. ಸ್ಲೀಪ್ ಪ್ಯಾರಾಲಿಸಿಸ್‌ನಲ್ಲಿ ವಿದ್ಯುತ್ ಬೇಕಿಲ್ಲ. ನೀವು ಏಳಲು ಯತ್ನಿಸುತ್ತೀರಿ, ಆಜ್ಞೆ ಹೊರಡುತ್ತದೆ, ಕೈಕಾಲಿನಿಂದ ‘ಎದ್ದೆವು’ ಎಂಬ ಉತ್ತರ ಬರುವುದಿಲ್ಲ. ಇತ್ತ ಸಮತೋಲನದ ಜಾಲ ಕನಸಿನ ಹಂತದಲ್ಲಿ ತಾನೇ ತಾನಾಗಿ ಮಿಡಿಯುತ್ತಿರುತ್ತದೆ. ಎರಡನ್ನೂ ಸೇರಿಸಿದರೆ ಮಿದುಳಿಗೆ ಹೊಳೆಯುವ ಅರ್ಥ ಒಂದೇ: ನಾನು ಎದ್ದಿದ್ದೇನೆ, ಮೈ ಕೆಳಗುಳಿದಿದೆ. ಆ ಗುಂಯ್‌ ಸದ್ದು, ಮೈ ಅದುರುವುದು ಕೂಡ ಇದರ ಜೊತೆಗೇ ಬರುವಂಥವು.

ನೀವೇ ಬರೆದ ಒಂದು ಮಾತನ್ನು ಮತ್ತೆ ಓದಿ. ತೇಲಿದಾಗ ಹಂಚು, ತೊಲೆಗಳ ಹತ್ತಿರ ಇರುತ್ತೀರಿ. ಆದರೆ ಮನೆಗೆ ಆರ್‌ಸಿಸಿ ಬಿದ್ದು ಐದು ವರ್ಷವಾಗಿದೆ. ನಿಜವಾಗಿ ಮೇಲೆ ಹೋಗಿದ್ದರೆ ತಲೆಗೆ ಸಿಮೆಂಟು ತಾಗಬೇಕಿತ್ತು. ನಿಮಗೆ ಕಂಡದ್ದು ಬಾಲ್ಯದಿಂದ ಮಲಗಿ ನೋಡಿದ ಮಾಡು, ನೆನಪಿನಿಂದ ಎದ್ದು ಬಂದದ್ದು. ಕೆಳಗೆ ಮಲಗಿದ್ದ ‘ನೀವು’ ಕುತ್ತಿಗೆಯವರೆಗೆ ಹೊದ್ದಿದ್ದಿರಿ. ಮುಂದಿನ ಸಲ ಎಚ್ಚರವಾದ ತಕ್ಷಣ ಹೊದಿಕೆ ಎಲ್ಲಿದೆ, ಕೈ ಯಾವ ಭಂಗಿಯಲ್ಲಿದೆ ಎಂದು ನೋಡಿ, ದಿಂಬಿನ ಪಕ್ಕ ಒಂದು ಪುಸ್ತಕ ಇಟ್ಟುಕೊಂಡು ಬರೆಯಿರಿ. ಕಂಡದ್ದಕ್ಕೂ ಇದ್ದದ್ದಕ್ಕೂ ತಾಳೆಯಾಗದ್ದು ನಿಮಗೇ ಸಿಗುತ್ತದೆ. ಆ ತಪ್ಪುಗಳನ್ನು ನಿಮ್ಮ ಕೈಯಿಂದ ಬರೆದದ್ದು ನನ್ನ ಇಡೀ ವಿವರಣೆಗಿಂತ ಹೆಚ್ಚು ಧೈರ್ಯ ಕೊಡುತ್ತದೆ.

ಪಾಳಿಗೆ ಮರಳುತ್ತೇನೆ. ದೇಹ ರೆಮ್ ನಿದ್ರೆಗೆ ಹೆಚ್ಚು ಒಲಿಯುವ ಹೊತ್ತು ನಸುಕು ಮತ್ತು ಬೆಳಗು. ರಾತ್ರಿ ದುಡಿದು ದಣಿದು ಬೆಳಿಗ್ಗೆ ಎಂಟಕ್ಕೆ ಮಲಗಿದವರು ಬೇಗನೆ ಆ ಹಂತಕ್ಕೆ ಜಾರಬಹುದು, ಹಾಲಿನವನ ಹಾರ್ನು, ಪಕ್ಕದ ಮನೆಯ ಮಿಕ್ಸಿ ಅರ್ಧದಲ್ಲಿ ಎಬ್ಬಿಸುತ್ತವೆ. ಸ್ಲೀಪ್ ಪ್ಯಾರಾಲಿಸಿಸ್‌ಗೆ ಇಷ್ಟು ಸಾಕು. ಜಪಾನಿನ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ವಯಂಸೇವಕರನ್ನು ನಿದ್ದೆಯ ನಡುವೆ ಎಬ್ಬಿಸಿ, ಸ್ವಲ್ಪ ಹೊತ್ತು ಎಚ್ಚರವಾಗಿರಿಸಿ ಮತ್ತೆ ಮಲಗಿಸಿದರು. ಕೆಲವರಿಗೆ ಪ್ರಯೋಗಾಲಯದಲ್ಲೇ ಇದು ಬಂತು. ನಿಮ್ಮ ಯೂಟ್ಯೂಬ್ ಗುರುಗಳನ್ನು ಇಲ್ಲೇ ಮಾತನಾಡಿಸಿಬಿಡುತ್ತೇನೆ. ಅಂಥ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಹೇಳಿಕೊಡುವುದು ಏನು? ಐದು ಗಂಟೆ ಮಲಗಿ, ಅಲಾರಂ ಇಟ್ಟು ಏಳಿ, ಅರ್ಧ ಗಂಟೆ ಎಚ್ಚರವಿದ್ದು ಮತ್ತೆ ಅಂಗಾತ ಅಲುಗಾಡದೆ ಮಲಗಿ. ಪ್ರಯೋಗಾಲಯದ ವಿಧಾನವೇ, ಸಿದ್ಧಿಯ ಹೆಸರಿನಲ್ಲಿ. ಶಂಕರಾಚಾರ್ಯರ ಪರಕಾಯ ಪ್ರವೇಶದ ಕಥೆಯನ್ನು ಭಕ್ತಿಯಿಂದ ಕೇಳಿ, ನನ್ನ ತಕರಾರಿಲ್ಲ. ಆ ವಿಡಿಯೊಗಳನ್ನು ಮಾತ್ರ ನೋಡಬೇಡಿ, ಮಲಗುವ ಮುಂಚೆಯಂತೂ ಬೇಡವೇ ಬೇಡ.

ರಾತ್ರಿ ಪಾಳಿಯ ವಾರದಲ್ಲಿ ಬೆಳಗಿನ ನಿದ್ದೆಯನ್ನು ಕನಿಷ್ಠ ಮಧ್ಯಾಹ್ನ ಒಂದರವರೆಗೆ ಎಳೆಯಬೇಕು, ರಾತ್ರಿ ಬಸ್ಸಿಗೆ ಹೊರಡುವ ಮೊದಲು ಇನ್ನೊಂದು ಒಂದೂವರೆ ಗಂಟೆ ಸೇರಿಸಬೇಕು. ಒಟ್ಟು ಆರೂವರೆ ಗಂಟೆಗಿಂತ ಕಡಿಮೆಯಾಗಬಾರದು, ಏಳು ದಾಟುವುದು ಗುರಿ. ಕಾರ್ಖಾನೆಯ ಬಸ್ಸಿನಲ್ಲಿ ಹಿಂತಿರುಗುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ದೇಹ ಹಗಲಾಯಿತೆಂದು ತೀರ್ಮಾನಿಸುತ್ತದೆ. ಕಿಟಕಿಗೆ ದಪ್ಪ ಹೊದಿಕೆ ಕಟ್ಟಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಹಗಲು ಮಲಗಿದವನನ್ನು ಸೋಮಾರಿ ಎಂದು ಎಬ್ಬಿಸುವುದು ನಮ್ಮ ಹಳ್ಳಿಗಳ ಹಳೆಯ ಚಾಳಿ. ಒಂದು ಗಂಟೆಯವರೆಗೆ ಯಾರು ಬಂದರೂ ಎಬ್ಬಿಸಬಾರದೆಂದು ಅಮ್ಮನ ಬಳಿ ಮಾತು ತೆಗೆದುಕೊಳ್ಳಿ. ತಾಯತ ಕಟ್ಟಿಸಿದ ತಾಯಿ ಈ ಕಾವಲನ್ನು ಖಂಡಿತ ಕಾಯುತ್ತಾರೆ. ಬೆಳಗಿನ ಪಾಳಿಯ ವಾರದಲ್ಲಿ ರಾತ್ರಿ ಒಂಬತ್ತಕ್ಕೆ ಹಾಸಿಗೆ ಸೇರಬೇಕು. ಅಲಾರಂ ಒಂದೇ ಸಲ ಹೊಡೆಯಲಿ. ಐದೈದು ನಿಮಿಷಕ್ಕೆ ಮುಂದೂಡುತ್ತ ಮತ್ತೆ ಮತ್ತೆ ಜಾರುವ ಆ ಅರ್ಧ ಗಂಟೆಯಲ್ಲಿ ಇದು ಸುಲಭವಾಗಿ ಬರುತ್ತದೆ.

ಮೇಲ್ವಿಚಾರಕರನ್ನು ಕೇಳಲು ಸಂಕೋಚ ಬೇಡ. ಪಾಳಿ ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದಕ್ಕೆ ಸರಿದರೆ ದೇಹ ಒಗ್ಗಿಕೊಳ್ಳುತ್ತದೆ, ಹಿಂದಕ್ಕೆ ಸರಿದರೆ ತಿಣುಕುತ್ತದೆ. ಕೆಲವು ತಿಂಗಳು ರಾತ್ರಿ ಪಾಳಿಯಿಂದ ವಿನಾಯಿತಿ ಬೇಕಾದರೆ ವೈದ್ಯರ ಪತ್ರ ಕೊಡಬಹುದು. ನಿದ್ದೆಗೆಟ್ಟವನು ಯಂತ್ರಕ್ಕೆ ಬೆರಳು ಕೊಡುವುದಕ್ಕಿಂತ ಅದು ಅವರಿಗೂ ಅಗ್ಗ.

ಉಳಿದವು ಚಿಕ್ಕವು. ಅಂಗಾತ ಮಲಗಿದಾಗ ಇದು ಹೆಚ್ಚು, ಮಗ್ಗುಲಾಗಿ ಮಲಗಿ. ನಿದ್ದೆಯಲ್ಲಿ ಹೊರಳುವವರು ಬನಿಯನ್ನಿನ ಬೆನ್ನಿಗೆ ಜೇಬು ಹೊಲಿಸಿ ರಬ್ಬರ್ ಚೆಂಡು ಇಟ್ಟುಕೊಂಡರೆ ಸಾಕು, ಅಂಗಾತವಾದ ಕೂಡಲೇ ಅದೇ ಒತ್ತಿ ಮಗ್ಗುಲಿಗೆ ತಿರುಗಿಸುತ್ತದೆ. ಮಲಗುವುದಕ್ಕೆ ಆರು ಗಂಟೆ ಮೊದಲು ಕಾಫಿ, ಟೀ ನಿಲ್ಲಿಸಿ. ಮದ್ಯಪಾನವು ರಾತ್ರಿಯ ಮೊದಲ ಅರ್ಧದಲ್ಲಿ ರೆಮ್ ನಿದ್ರೆಯನ್ನು ಅದುಮಿ ಉಳಿದರ್ಧದಲ್ಲಿ ಇಮ್ಮಡಿ ರಭಸದಿಂದ ಹೊರಬಿಡುತ್ತದೆ, ಆದ್ದರಿಂದ ನಿದ್ದೆಗೆಂದು ಕುಡಿಯುವುದು ಇಲ್ಲಿ ತಿರುಗುಬಾಣ.

ಬಂದೇಬಿಟ್ಟಾಗ ಮಾಡಬೇಕಾದ್ದೇನು? ಹೆಚ್ಚಿನವರು ಮಾಡುವುದು ಎರಡು: ಪೂರ್ತಿ ಬಲ ಹಾಕಿ ಏಳಲು ಯತ್ನಿಸುವುದು, ಕೂಗುವುದು. ಎರಡೂ ಬೇಡ. ಕುಸ್ತಿ ಹಿಡಿದಷ್ಟೂ ಗಾಬರಿ, ಗಾಬರಿಯಾದಷ್ಟೂ ಆ ಆಕೃತಿಗೆ ಬಲ. ಡೆನ್ಮಾರ್ಕ್ ಮತ್ತು ಈಜಿಪ್ಟ್ ಜನರನ್ನು ಹೋಲಿಸಿದ 2013ರ ಅಧ್ಯಯನವೊಂದರಲ್ಲಿ ಈಜಿಪ್ಟಿನವರಿಗೆ ಇದು ಹೆಚ್ಚು ಸಲ ಬರುತ್ತಿತ್ತು, ಹೆಚ್ಚು ಹೊತ್ತು ಇರುತ್ತಿತ್ತು, ಸಾಯುತ್ತೇನೆಂಬ ಭಯವೂ ಹೆಚ್ಚಿತ್ತು. ನಂಬಿಕೆ ಭಯವನ್ನು ಬೆಳೆಸುತ್ತದೆ, ಭಯ ನಿದ್ದೆಯನ್ನು ಒಡೆಯುತ್ತದೆ, ಒಡೆದ ನಿದ್ದೆ ಮತ್ತೆ ಇದನ್ನೇ ಕರೆತರುತ್ತದೆ ಎಂದು ಸಂಶೋಧಕರು ವಿವರಿಸುತ್ತಾರೆ. ಅವರಲ್ಲೊಬ್ಬರಾದ ಬಾಲಂದ್ ಜಲಾಲ್ ಇದಕ್ಕೆಂದೇ ರೂಪಿಸಿದ ಕ್ರಮವನ್ನು ನಾನೂ ಹೇಳಿಕೊಡುತ್ತೇನೆ. ಕಣ್ಣು ಮುಚ್ಚಿ, ಬಾಗಿಲ ಕಡೆ ನೋಡಲೇಬೇಡಿ. ‘ಇದು ಕನಸಿನ ಬಾಲ, ಈಗ ಹೋಗುತ್ತದೆ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಉಸಿರನ್ನು ಎಳೆಯಲು ಹೋಗದೆ ಅದರಷ್ಟಕ್ಕೆ ಬಿಡಿ. ಮನಸ್ಸನ್ನು ಒಂದೇ ಒಂದು ಹಿತವಾದ ವಿಷಯದ ಮೇಲೆ ನಿಲ್ಲಿಸಿ: ಮನೆದೇವರ ಹೆಸರು, ಪರಿಚಿತ ಮುಖ, ಯಾವುದಾದರೂ ಸರಿ. ಸ್ನಾಯುಗಳನ್ನು ಬಿಗಿಯದೆ ಬಿಟ್ಟುಕೊಡಿ. ಹಗಲಿನಲ್ಲಿ ದಿನಕ್ಕೊಮ್ಮೆ ಮಲಗಿ ಇದನ್ನು ಅಭ್ಯಾಸ ಮಾಡಿದ್ದರೆ ಮಾತ್ರ ರಾತ್ರಿ ನೆನಪಿಗೆ ಬರುತ್ತದೆ. ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ಅಲುಗಾಡಿಸಿದರೆ ಬಿಡುತ್ತದೆ ಎನ್ನುವವರೂ ಇದ್ದಾರೆ. ಆದರೆ ಸರಿ, ಆಗದಿದ್ದರೆ ಹಟ ಹಿಡಿಯಬೇಡಿ.

ತೇಲಲು ಶುರುವಾದರೆ ಮೇಲೆ ಹೋಗಲೂ ಬೇಡಿ, ದೇಹಕ್ಕೆ ವಾಪಸ್ ನುಗ್ಗಲೂ ಬೇಡಿ. ಗಮನವನ್ನು ಕಣ್ಣಿಗೆ ಕಾಣುವ ದೃಶ್ಯದಿಂದ ಚರ್ಮಕ್ಕೆ ತನ್ನಿ: ಕಿವಿಗೆ ಒತ್ತುತ್ತಿರುವ ದಿಂಬು, ಹಿಮ್ಮಡಿಗೆ ತಾಗಿದ ಚಾಪೆ, ಮುಖಕ್ಕೆ ಬೀಸುವ ಫ್ಯಾನಿನ ಗಾಳಿ. ಆ ಸ್ಪರ್ಶ ಇರುವುದು ಹಾಸಿಗೆಯಲ್ಲಿ, ಸೂರಿನಲ್ಲಿ ಅಲ್ಲ. ಅದು ಮನಸ್ಸಿಗೆ ತಟ್ಟಿದರೆ ತೇಲುವಿಕೆ ಕರಗುತ್ತದೆ. ಬಿಟ್ಟ ಮೇಲೆ ಕೂಡಲೇ ಹಾಗೇ ನಿದ್ದೆಗೆ ಮರಳಬೇಡಿ, ಮತ್ತೆ ಅದೇ ಹಂತಕ್ಕೆ ಜಾರುವ ಸಂಭವ ಹೆಚ್ಚು. ಎದ್ದು ಕೂತು, ದೀಪ ಹಾಕಿ, ಮುಖಕ್ಕೆ ನೀರು ಹಾಕಿಕೊಂಡು ಹತ್ತು ನಿಮಿಷ ಬಿಟ್ಟು ಮಲಗಿ.

ತಾಯತದ ಬಗ್ಗೆ ಅಮ್ಮನ ಜೊತೆ ಜಗಳ ಬೇಡ. ಅದನ್ನು ಕಟ್ಟಿಕೊಂಡು ಧೈರ್ಯವಾಗಿ ನಿದ್ದೆ ಬಂದರೆ ಇರಲಿ. ನಾನು ಗೆರೆ ಎಳೆಯುವುದು ಬೇರೆ ಕಡೆ: ರಾತ್ರಿಯಿಡೀ ಜಾಗರಣೆ ಮಾಡಿಸುವ, ಉಪವಾಸ ಕೆಡಹುವ, ದೆವ್ವ ಬಿಡಿಸುತ್ತೇನೆಂದು ಹೊಡೆಯುವ ಮಂತ್ರವಾದಿಯ ಬಳಿ ಹೋಗಬೇಡಿ. ನಿದ್ದೆಗೆಟ್ಟು ಬಂದ ತೊಂದರೆಗೆ ಜಾಗರಣೆ ಎಂಥ ಮದ್ದು? ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು 2020ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ವಾಮಾಚಾರ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ಈಗ ವೈದ್ಯರನ್ನು ಕಾಣಲೇಬೇಕಾದ ಸಂದರ್ಭಗಳು. ಸಾಕಷ್ಟು ಮಲಗಿದರೂ ಹಗಲಲ್ಲಿ, ಬೈಕಿನ ಮೇಲೆ, ಊಟದ ನಡುವೆ ತಡೆಯಲಾರದ ನಿದ್ದೆ ಬರುತ್ತಿದ್ದರೆ, ಜೋರಾಗಿ ನಕ್ಕಾಗ ಮಂಡಿ ಕುಸಿದರೆ ಅದು ನಾರ್ಕೊಲೆಪ್ಸಿ ಎಂಬ ನಿದ್ದೆಯ ಕಾಯಿಲೆ ಇರಬಹುದು, ನಿದ್ರಾ ಪರೀಕ್ಷೆ ಬೇಕು. ಜೋರು ಗೊರಕೆಯ ನಡುವೆ ಉಸಿರು ನಿಂತು, ಬೆಳಿಗ್ಗೆ ತಲೆನೋವಿದ್ದರೆ ಉಸಿರಾಟದ ತೊಂದರೆಯನ್ನು ಪರಿಶೀಲಿಸಬೇಕು. ದೇಹ ಬಿಟ್ಟ ಅನುಭವ ಪೂರ್ಣ ಎಚ್ಚರದಲ್ಲಿ, ನಿಂತಾಗ ಕೂತಾಗ ಬಂದರೆ, ಇಲ್ಲವೇ ಆಮೇಲೆ ನಾಲಿಗೆ ಕಚ್ಚಿರುವುದು, ಬಟ್ಟೆ ಒದ್ದೆಯಾಗಿರುವುದು ಕಂಡರೆ ಮೂರ್ಛೆರೋಗದ ತಪಾಸಣೆಯಾಗಬೇಕು. ಇನ್ನೊಂದನ್ನು ಜನ ಇದರೊಂದಿಗೆ ಬೆರೆಸಿಬಿಡುತ್ತಾರೆ: ಬೆಳಿಗ್ಗೆ ಎದ್ದಾಗ ಕೈಕಾಲು ಬಿದ್ದುಹೋಗಿ, ಮಾತು ಚೆನ್ನಾಗಿಯೇ ಇದ್ದು, ಗಂಟೆಗಟ್ಟಲೆ ಹಾಗೇ ಉಳಿದರೆ ಅದು ಸ್ಲೀಪ್ ಪ್ಯಾರಾಲಿಸಿಸ್ ಅಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಕುಸಿದಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇವು ಯಾವುವೂ ನಿಮ್ಮ ಪತ್ರದಲ್ಲಿ ಕಾಣುವುದಿಲ್ಲ. ಆದರೂ ನಿದ್ದೆ ಸರಿಪಡಿಸಿ ಎರಡು ತಿಂಗಳಾದರೂ ಇಳಿಯದಿದ್ದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ನಿದ್ರಾ ಪರೀಕ್ಷೆ ಬೇಕೆನಿಸಿದರೆ ಅವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ರಾತ್ರಿ ಭಯ ಹೆಚ್ಚಾಗಿ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಕೆಲವರಿಗೆ ರೆಮ್ ನಿದ್ರೆಯನ್ನು ತಗ್ಗಿಸುವ ಖಿನ್ನತೆ ನಿವಾರಕ ಮಾತ್ರೆಗಳನ್ನು ಸ್ವಲ್ಪ ಕಾಲ ಕೊಡುವುದುಂಟು. ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವಂಥವಲ್ಲ ಅವು. ಒಮ್ಮೆಲೇ ನಿಲ್ಲಿಸಿದರೆ ತೊಂದರೆ ಮೊದಲಿಗಿಂತ ಜೋರಾಗಿ ಮರಳಬಹುದು.

ಹುಡುಗಿಗೆ ಹೇಳಿ. ಮದುವೆಯ ಮೊದಲೇ, ನೀವೇ, ಅಮ್ಮನಾಗಲಿ ನೆಂಟರಾಗಲಿ ‘ಗಾಳಿ’ ಎಂದು ಕಿವಿಗೆ ಹಾಕುವ ಮುನ್ನ. ಹೇಳುವುದು ಬಹಳವೇನಿಲ್ಲ: ನಿದ್ದೆಯಲ್ಲಿ ಒಮ್ಮೊಮ್ಮೆ ಮೈ ಹಿಡಿಯುತ್ತದೆ, ನರಳಿದ ಸದ್ದು ಕೇಳಿಸಿದರೆ ಭುಜ ಹಿಡಿದು ಅಲುಗಾಡಿಸು. ಹೊರಗಿನ ಒಂದು ಸ್ಪರ್ಶಕ್ಕೆ ಇದು ಸಾಮಾನ್ಯವಾಗಿ ತಕ್ಷಣ ಬಿಟ್ಟುಹೋಗುತ್ತದೆ. ಮದುವೆಯ ಹಿಂದಿನ ವಾರ ರಾತ್ರಿ ಪಾಳಿ ಬೀಳದಂತೆ ಈಗಲೇ ರಜೆ ಬರೆದುಕೊಡಿ. ಚಪ್ಪರ, ವರಪೂಜೆ, ನಸುಕಿನ ಮುಹೂರ್ತ ಎಂದು ಎರಡು ಮೂರು ರಾತ್ರಿ ನಿದ್ದೆ ಹೇಗೂ ಕೆಡುತ್ತದೆ, ಆ ದಿನಗಳಲ್ಲಿ ಇದು ಒಂದೆರಡು ಸಲ ತಲೆ ಹಾಕಬಹುದು. ಚಿಕಿತ್ಸೆ ಫಲಿಸಲಿಲ್ಲವೆಂದು ಕಂಗೆಡದೆ, ಬೀಗರೂಟ ಮುಗಿದ ಮೇಲೆ ಎರಡು ದಿನ ಹೊಟ್ಟೆ ತುಂಬ ನಿದ್ದೆ ಮಾಡಿ.